ಅಳೆಯುವ ಯಂತ್ರಕ್ಕೂ ಒಂದು ನೆಲೆ ಬೇಕು

ಸೇರು, ಪಾವು, ಚಟಾಕುಗಳು ಅಡಿಗೆಮನೆಯ ಮೂಲೆಯಲ್ಲಿ ಮಲಗಿದ್ದ ಕಾಲದಲ್ಲಿ ಅಳತೆಯ ಸಾಧನಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಕ್ಕಿಯ ಡಬ್ಬದೊಳಗೆ ಹುದುಗಿದ್ದರೂ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದರೂ ಪಾವು ಪಾವಾಗಿಯೇ ಉಳಿಯುತ್ತಿತ್ತು. ಅದರ ಅಂಚು ನೆಗ್ಗಿದರೆ ಮನೆಯೊಡತಿಯ ಕಣ್ಣಿಗೆ ಒಡನೆಯೇ ಬೀಳುತ್ತಿತ್ತು. ೧೯೫೬ರ ಶಾಸನದಿಂದ ಮೆಟ್ರಿಕ್ ಪದ್ಧತಿ ದೇಶಕ್ಕೆ ಬಂದು, ಸೇರು ಹೋಗಿ ಕಿಲೋಗ್ರಾಂ ಬಂದರೂ ತಕ್ಕಡಿಯ ಮುಳ್ಳು ಮಾತ್ರ ಎಲ್ಲರ ಕಣ್ಣೆದುರಿನಲ್ಲಿಯೇ ಆಡುತ್ತಿತ್ತು. ಅಂಗಡಿಯವನ ಬೆರಳು ತಟ್ಟೆಗೆ ತಾಗಿದರೆ ಕೊಳ್ಳಲು ಬಂದವರು ಗದರಿಸಿ ಕೇಳಬಹುದಾಗಿತ್ತು.

ಇಂದು ನಗರದ ಒಂದು ಸಾಧಾರಣ ಮನೆಯ ಕಪಾಟನ್ನು ತೆರೆದರೆ ನಾಲ್ಕೈದು ಎಲೆಕ್ಟ್ರಾನಿಕ್ ಮಾಪಕಗಳು ದೊರೆಯುವುವು. ಮೈತೂಕ ನೋಡುವುದೊಂದು, ಅಡಿಗೆಯ ಸಾಮಾನು ತೂಗುವುದೊಂದು, ರಕ್ತದೊತ್ತಡಕ್ಕೊಂದು, ಜ್ವರಕ್ಕೊಂದು, ಸಕ್ಕರೆ ಕಾಯಿಲೆಯವರಿದ್ದರೆ ಗ್ಲೂಕೋಮೀಟರು. ೨೦೨೦-೨೧ರ ಕೋವಿಡ್ ಮಾರಿಯ ನೆನಪಾಗಿ ಬೆರಳಿಗೆ ಕಚ್ಚಿಸುವ ಆಕ್ಸಿಮೀಟರೂ ಒಂದು. ಇವುಗಳಲ್ಲಿ ಮುಳ್ಳಿಲ್ಲ, ತಟ್ಟೆಯಿಲ್ಲ, ಏರಿಳಿಯುವ ಪಾದರಸವಿಲ್ಲ. ಗುಂಡಿಯೊತ್ತಿದರೆ ಅಂಕಿ ಮೂಡುತ್ತದೆ. ಯಂತ್ರವು ಸರಿಯಾಗಿದ್ದರೂ ಅಂಕಿ ಮೂಡುತ್ತದೆ, ಕೆಟ್ಟಿದ್ದರೂ ಮೂಡುತ್ತದೆ. ಅದೂ ದಶಾಂಶಸಹಿತವಾಗಿ, ಲೇಶವೂ ಸಂಕೋಚವಿಲ್ಲದೆ! ನೋಡುವವರಾದರೋ ದಶಾಂಶವನ್ನು ಕಂಡೊಡನೆ ಅದನ್ನು ಪ್ರಮಾಣವಾಕ್ಯವೆಂದೇ ನಂಬುತ್ತಾರೆ. ಆ ಅಂಕಿಯನ್ನು ನಂಬಿ ಹಿರಿಯರ ಮಾತ್ರೆಯ ಪ್ರಮಾಣ ಹೆಚ್ಚುವುದುಂಟು, ಇನ್ಸುಲಿನ್ನಿನ ಲೆಕ್ಕ ಬದಲಾಗುವುದುಂಟು, ಮಗುವಿಗೆ ಜ್ವರವಿಲ್ಲವೆಂದು ಶಾಲೆಗೆ ಕಳುಹಿಸುವುದೂ ಉಂಟು. ಆದುದರಿಂದ ಈ ಯಂತ್ರಗಳನ್ನು ಎಲ್ಲಿಡಬೇಕು, ಹೇಗೆ ಹಿಡಿಯಬೇಕು ಎಂಬ ವಿಚಾರವು ಮನೆಯ ಆರೋಗ್ಯದ ವಿಚಾರವೇ ಆಗಿದೆ.

ಮೊದಲು ತೂಕದ ಯಂತ್ರವನ್ನು ತೆಗೆದುಕೊಳ್ಳೋಣ. ೧೮೫೬ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು) ಲೋಹದ ತಂತಿಯನ್ನು ಎಳೆದರೆ ಅದರಲ್ಲಿ ವಿದ್ಯುತ್ತಿನ ಹರಿವಿಗೆ ಒದಗುವ ತಡೆ ಬದಲಾಗುವುದೆಂದು ತೋರಿಸಿಕೊಟ್ಟನು. ಆ ಸಣ್ಣ ಸಂಗತಿಯು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಪುಸ್ತಕದಲ್ಲಿಯೇ ಇದ್ದು, ೧೯೩೮ರಲ್ಲಿ ಅಮೆರಿಕದ ಇಬ್ಬರು ತಂತ್ರಜ್ಞರ ಕೈಯಲ್ಲಿ ಉಪಯೋಗಕ್ಕೆ ಬಂದಿತು. ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಎಂಬ ಇವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆಯೇ, ಕೂದಲೆಳೆಯಂಥ ತಂತಿಯನ್ನು ಲೋಹಕ್ಕೆ ಅಂಟಿಸಿ, ಲೋಹ ಎಷ್ಟು ಬಾಗಿತೆಂಬುದನ್ನು ವಿದ್ಯುತ್ತಿನಿಂದ ಅಳೆಯುವ ಉಪಾಯವನ್ನು ಕಂಡುಹಿಡಿದರು. ಇಂದಿನ ಮನೆಗಳ ತೂಕದ ಯಂತ್ರಗಳೆಲ್ಲ ಬಹುಮಟ್ಟಿಗೆ ಈ ತತ್ತ್ವದ ಸಂತಾನವೇ. ಯಂತ್ರದ ಮೇಲೆ ನಿಂತೊಡನೆ ಅದರ ಕಾಲುಗಳಲ್ಲಿ ಅಡಗಿರುವ ಲೋಹದ ಪಟ್ಟಿಗಳು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಆ ಬಾಗಿಗೆ ತಕ್ಕಂತೆ ಅಂಕಿ ಮೂಡುತ್ತದೆ.

ಇಷ್ಟು ತಿಳಿದರೆ ಉಳಿದುದೆಲ್ಲ ತಾನಾಗಿಯೇ ಹೊಳೆಯುತ್ತದೆ. ಭಾರವೆಲ್ಲವೂ ಆ ನಾಲ್ಕು ಕಾಲುಗಳ ಮೂಲಕವೇ ನೆಲಕ್ಕೆ ಇಳಿಯಬೇಕು. ಜಮಖಾನೆಯ ಮೇಲೋ ಮೆತ್ತನೆಯ ರಬ್ಬರು ಹಾಸಿನ ಮೇಲೋ ಇಟ್ಟರೆ ಕಾಲುಗಳು ಹುದುಗಿ, ಯಂತ್ರದ ಹೊಟ್ಟೆಯೇ ಹಾಸಿಗೆ ತಾಗಿ, ಭಾರದ ಒಂದು ಪಾಲನ್ನು ಹಾಸು ಹೊತ್ತುಬಿಡುತ್ತದೆ. ಒಂದೆರಡು ಕಿಲೋ ಇಳಿದೆವೆಂದು ಹಿಗ್ಗುವವರಲ್ಲಿ ಎಷ್ಟು ಮಂದಿ ಜಮಖಾನೆಯ ಕೃಪೆಯಿಂದ ಇಳಿದವರೋ! ಗಟ್ಟಿಯಾದ, ಸಮತಟ್ಟಾದ ನೆಲವೇ ಅದಕ್ಕೆ ತಕ್ಕ ಜಾಗ. ಹಳೆಯ ಮನೆಗಳ ಬಚ್ಚಲು ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಮೇಲಾಗಿ ಅಲ್ಲಿನ ಹಬೆಯು ತಂತಿಗಳಿಗೆ ಶತ್ರು. ಒಮ್ಮೆ ಜಾಗವನ್ನು ನಿಶ್ಚಯಿಸಿದ ಮೇಲೆ ಪ್ರತಿಸಲವೂ ಅಲ್ಲಿಯೇ, ಹೊತ್ತು ಕೂಡ ಒಂದೇ ಆಗಿರುವಂತೆ, ಬೆಳಿಗ್ಗೆ ಉಪಾಹಾರಕ್ಕೆ ಮುಂಚೆ ತೂಗುವುದು ಮೇಲು. ಯಂತ್ರವನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದೂ, ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟನ್ನು ಪೇರಿಸುವುದೂ ಒಳ್ಳೆಯದಲ್ಲ. ಅಡಿಗೆಮನೆಯ ಸಣ್ಣ ಯಂತ್ರವು ಐದು ಕಿಲೋ ತಡೆಯುವಂಥದಾದರೆ ಅದರ ಮೇಲೆ ಹತ್ತು ಕಿಲೋ ಅಕ್ಕಿಯ ಚೀಲವನ್ನು ಒಂದು ಸಲ ಇಳಿಸಿದರೂ ಸಾಕು; ಅಳತೆ ಮೀರಿ ಬಾಗಿದ ಲೋಹ ತನ್ನ ಮೊದಲಿನ ರೂಪಕ್ಕೆ ಮರಳದು. ಯಂತ್ರ ಮುರಿಯುವುದಿಲ್ಲ, ಅಂಕಿ ತೋರಿಸುವುದನ್ನೂ ನಿಲ್ಲಿಸುವುದಿಲ್ಲ, ಸುಳ್ಳು ಹೇಳತೊಡಗುತ್ತದೆ ಅಷ್ಟೆ.

ಮೈಯಲ್ಲಿನ ಕೊಬ್ಬನ್ನೂ ಹೇಳುವ ತೂಕದ ಯಂತ್ರಗಳು ಈಗ ಹೇರಳವಾಗಿ ಬಂದಿವೆ. ಅವು ಬರಿಗಾಲಿನ ಮೂಲಕ ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ದೇಹದೊಳಗೆ ಹಾಯಿಸಿ ನೋಡುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಅವುಗಳನ್ನು ಮೆಟ್ಟಕೂಡದು. ಗರ್ಭಿಣಿಯರಿಗೂ ಅವು ಬೇಡವೆಂದೇ ತಯಾರಕರು ತಿಳಿಸುತ್ತಾರೆ. ಈ ಎಚ್ಚರಿಕೆಯು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಆ ಕಾಗದವೋ ಪೆಟ್ಟಿಗೆಯೊಡನೆ ಮೊದಲ ದಿನವೇ ರದ್ದಿಗೆ ಹೋಗಿರುತ್ತದೆ.

ಚಿನ್ನ ಬೆಳ್ಳಿಗಳ ಅಂಗಡಿಗೆ ಹೋದವರು ಅಲ್ಲಿನ ಪುಟ್ಟ ತಕ್ಕಡಿಯಂತ್ರವನ್ನು ಗಾಜಿನ ಗೂಡಿನೊಳಗಿಟ್ಟಿರುವುದನ್ನು ಕಂಡಿರಬಹುದು. ಅದು ಅಲಂಕಾರಕ್ಕಾಗಿ ಅಲ್ಲ. ಮಿಲಿಗ್ರಾಮುಗಳನ್ನು ಎಣಿಸುವ ಯಂತ್ರಕ್ಕೆ ಮೇಲೆ ತಿರುಗುವ ಫ್ಯಾನಿನ ಗಾಳಿಯೂ ಒಂದು ಭಾರವೇ. ಬೀದಿಯಲ್ಲಿ ಲಾರಿ ಹೋದರೆ ಹುಟ್ಟುವ ನಡುಕವೂ, ಕಿಟಕಿಯಿಂದ ಬೀಳುವ ಬಿಸಿಲೂ ಅದನ್ನು ಕದಲಿಸಬಲ್ಲವು. ಇದಕ್ಕಾಗಿಯೇ ರಸಾಯನಶಾಲೆಗಳಲ್ಲಿ ಇಂಥ ಯಂತ್ರಗಳನ್ನು ಭಾರವಾದ ಕಲ್ಲಿನ ಮೇಜಿನ ಮೇಲೆ, ಬಾಗಿಲು ಕಿಟಕಿಗಳಿಂದ ದೂರವಾಗಿ ನೆಲೆಗೊಳಿಸುತ್ತಾರೆ; ಕಾಲಿನ ತಿರುಪುಗಳನ್ನು ತಿರುಗಿಸಿ ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದು, ಯಂತ್ರವನ್ನು ಸ್ವಲ್ಪ ಹೊತ್ತು ಚಾಲನೆಯಲ್ಲಿಟ್ಟು, ಅನಂತರವೇ ತೂಗುತ್ತಾರೆ. ಒಡವೆ ಕೊಳ್ಳುವವರು ತಟ್ಟೆ ಖಾಲಿಯಿರುವಾಗ ಅಂಕಿ ಸೊನ್ನೆಯಲ್ಲಿದೆಯೇ, ಗೂಡಿನ ಬಾಗಿಲು ಮುಚ್ಚಿದೆಯೇ ಎಂದು ನೋಡುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ.

ಇಲ್ಲೊಂದು ಸ್ವಾರಸ್ಯವಾದ ಸಂಗತಿಯುಂಟು. ಹಳೆಯ ಎರಡು ತಟ್ಟೆಗಳ ತಕ್ಕಡಿಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದರೂ ಅದು ಹೇಳುವ ಮಾತು ಬದಲಾಗದು, ಏಕೆಂದರೆ ಭೂಮಿಯ ಸೆಳೆತವು ಎರಡು ತಟ್ಟೆಗಳ ಮೇಲೂ ಒಂದೇ ಸಮನಾಗಿರುತ್ತದೆ. ಎಲೆಕ್ಟ್ರಾನಿಕ್ ಯಂತ್ರವಾದರೋ ಸೆಳೆತವನ್ನೇ ಅಳೆಯತಕ್ಕದ್ದು. ಭೂಮಿಯ ಸೆಳೆತವು ಧ್ರುವಗಳಲ್ಲಿ ಹೆಚ್ಚು, ಸಮಭಾಜಕದ ಬಳಿ ಕಡಿಮೆ. ಎತ್ತರಕ್ಕೆ ಏರಿದಂತೆ ಇನ್ನಷ್ಟು ಕಡಿಮೆ. ಬೆಂಗಳೂರು ದೆಹಲಿಗಿಂತ ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರ. ದೆಹಲಿಯಲ್ಲಿ ಹೊಂದಿಸಿದ ಸೂಕ್ಷ್ಮಯಂತ್ರವನ್ನು ಹಾಗೆಯೇ ಇಲ್ಲಿಗೆ ತಂದಿಟ್ಟರೆ ಒಂದು ಕಿಲೋಗ್ರಾಮಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ಕಡಿಮೆ ತೋರಿಸುತ್ತದೆ. ಅಕ್ಕಿ ಬೇಳೆಗಳಲ್ಲಿ ಇದು ಲೆಕ್ಕಕ್ಕೆ ಬಾರದು. ಹತ್ತು ಗ್ರಾಂ ಚಿನ್ನದಲ್ಲಿ ೧೧-೧೨ ಮಿಲಿಗ್ರಾಂ ಆಗುತ್ತದೆ. ಇದರಿಂದಲೇ ಸೂಕ್ಷ್ಮ ತಕ್ಕಡಿಗಳನ್ನು ಬಳಸುವ ಊರಿನಲ್ಲಿಯೇ, ಬಳಸುವ ಮೇಜಿನ ಮೇಲೆಯೇ, ನಿಷ್ಕೃಷ್ಟವಾದ ಬಟ್ಟನ್ನಿಟ್ಟು ಹೊಂದಿಸಬೇಕಾಗುತ್ತದೆ. ಆ ಬಟ್ಟುಗಳಿಗೂ ಒಂದು ಮೂಲವಿರಬೇಕಷ್ಟೆ. ಪ್ಯಾರಿಸ್ಸಿನ ಬಳಿ ಸೆವ್ರ್ ಎಂಬಲ್ಲಿ ಗಾಜಿನ ಮುಚ್ಚಳಗಳ ಕೆಳಗೆ ಕಾಪಾಡಿದ್ದ ಪ್ಲಾಟಿನಂ-ಇರಿಡಿಯಂ ಲೋಹದ ತುಂಡೊಂದು ೨೦೧೯ರ ಮೇ ೨೦ರವರೆಗೆ ಜಗತ್ತಿನ ಕಿಲೋಗ್ರಾಂ ಆಗಿತ್ತು. ಆ ದಿನದಿಂದ ಪ್ರಕೃತಿಯ ಒಂದು ಸ್ಥಿರಾಂಕವು ಅದರ ಪಟ್ಟವನ್ನು ವಹಿಸಿಕೊಂಡಿತು. ಅದರ ೫೭ನೆಯ ಪ್ರತಿಯು ಭಾರತದ ಪಾಲಿಗೆ ಬಂದು ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದೆ. ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ೨೦೦೯ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಮನೆಯ ಯಂತ್ರವನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಹೊಸದನ್ನು ತಂದ ದಿನವೇ ಮನೆಯಲ್ಲಿರುವ ಹಿತ್ತಾಳೆಯ ಚೊಂಬನ್ನೋ ಕಬ್ಬಿಣದ ಕುಟ್ಟಾಣಿಯನ್ನೋ ತೂಗಿ ಅಂಕಿಯನ್ನು ಬರೆದಿಟ್ಟುಕೊಂಡು, ಆರು ತಿಂಗಳಿಗೊಮ್ಮೆ ಅದನ್ನೇ ಮತ್ತೆ ತೂಗಿ ನೋಡಿದರೆ ಯಂತ್ರದ ಮಾತು ಬದಲಾಗಿದೆಯೇ ಎಂಬುದು ತಿಳಿದುಹೋಗುತ್ತದೆ.

ತೂಕದಲ್ಲಿ ತಪ್ಪಾದರೆ ನಷ್ಟ ದುಡ್ಡಿನದು. ರಕ್ತದೊತ್ತಡದಲ್ಲಿ ಹಾಗಲ್ಲ.

೧೭೩೩ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿಯು ತನ್ನ ಪ್ರಯೋಗಗಳ ವೃತ್ತಾಂತವನ್ನು ಪ್ರಕಟಿಸಿದನು. ಕುದುರೆಯೊಂದರ ಧಮನಿಗೆ ಕೊಳವೆಯನ್ನು ಜೋಡಿಸಿದಾಗ ಉದ್ದನೆಯ ಗಾಜಿನ ನಳಿಗೆಯಲ್ಲಿ ರಕ್ತವು ಎಂಟು ಅಡಿಗಿಂತ ಮೇಲಕ್ಕೆ ಏರಿತಂತೆ. ಕ್ರೂರವಾದ ಪ್ರಯೋಗವೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಒತ್ತಡವೆಂದರೆ ರಕ್ತಸ್ತಂಭದ ಎತ್ತರವೆಂಬುದು ಅದರಿಂದ ಮನದಟ್ಟಾಗುತ್ತದೆ. ೧೮೯೬ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಗಾಳಿಪಟ್ಟಿಯನ್ನು ಕಟ್ಟಿ ಪಾದರಸದಿಂದ ಅಳೆಯುವ ಸಾಧನವನ್ನು ಮಾಡಿದನು. ೧೯೦೫ರಲ್ಲಿ ರಷ್ಯದ ವೈದ್ಯ ಕೊರೊಟ್ಕೊವ್ ಸ್ಟೆತೊಸ್ಕೋಪನ್ನಿಟ್ಟು ಧಮನಿಯ ಸದ್ದನ್ನು ಆಲಿಸುವ ಕ್ರಮವನ್ನು ತಂದನು. ಮನೆಯ ಯಂತ್ರವು ಸದ್ದನ್ನು ಕೇಳುವುದಿಲ್ಲ. ಪಟ್ಟಿಯಲ್ಲಿ ಗಾಳಿ ತುಂಬಿ, ಮೆಲ್ಲಗೆ ಬಿಡುತ್ತಾ, ನಾಡಿಯ ಮಿಡಿತದಿಂದ ಆ ಗಾಳಿಯಲ್ಲಿ ಏಳುವ ಅಲುಗಾಟವನ್ನು ಗ್ರಹಿಸುತ್ತದೆ. ಅಲುಗಾಟ ಅತ್ಯಧಿಕವಾಗಿರುವ ಸ್ಥಾನ ಸರಾಸರಿ ಒತ್ತಡದ ಸ್ಥಾನ. ಮೇಲಿನ ಅಂಕಿ ಕೆಳಗಿನ ಅಂಕಿಗಳೆರಡನ್ನೂ ಅಲ್ಲಿಂದ ಲೆಕ್ಕ ಹಾಕಿ ಹೇಳುತ್ತದೆ. ಅಂದ ಮೇಲೆ ಅಳೆಯುವಾಗ ಮಾತನಾಡಿದರೆ, ತೋಳನ್ನು ಕದಲಿಸಿದರೆ, ಮೊಮ್ಮಗು ಬಂದು ತೊಡೆಯ ಮೇಲೆ ಕುಳಿತರೆ, ಆ ಅಲುಗಾಟವೂ ಲೆಕ್ಕದಲ್ಲಿ ಸೇರಿಹೋಗುತ್ತದೆ. ನಾಡಿಯ ಮಿಡಿತವೇ ಕ್ರಮ ತಪ್ಪಿರುವವರಲ್ಲಿ ಈ ಯಂತ್ರಗಳ ಮಾತಿಗೆ ಅಷ್ಟು ಬೆಲೆ ಕೊಡಲಾಗದು; ಅಂಥವರು ವೈದ್ಯರಿಂದಲೇ ನೋಡಿಸಿಕೊಳ್ಳತಕ್ಕದ್ದು.

ಎತ್ತರದ ಮಾತಿಗೆ ಬರೋಣ. ಪಟ್ಟಿಯು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರು ಕೆಳಗಿದ್ದರೆ ಅಷ್ಟು ಎತ್ತರದ ರಕ್ತಸ್ತಂಭದ ಭಾರವು ಅಳತೆಗೆ ಕೂಡಿಕೊಳ್ಳುತ್ತದೆ. ಪಾದರಸದ ಲೆಕ್ಕದಲ್ಲಿ ಅದು ಸುಮಾರು ೮ ಮಿಲಿಮೀಟರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದವರು ೧೩೩ ವಯಸ್ಕರನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾದುದು. ತೋಳನ್ನು ಮೇಜಿನ ಮೇಲಿಟ್ಟು ಅಳೆದಾಗಿನದಕ್ಕೆ ಹೋಲಿಸಿದರೆ, ಕೈಯನ್ನು ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸರಾಸರಿ ೪ರಷ್ಟೂ, ಪಕ್ಕದಲ್ಲಿ ಜೋಲುಬಿಟ್ಟಾಗ ೬.೫ರಷ್ಟೂ ಹೆಚ್ಚಾಗಿ ಬಂದಿತು. ಮನೆಯಲ್ಲಿ ಅಳೆದಾಗ ೧೩೫/೮೫ ಎಂಬುದು ವೈದ್ಯರು ಸಾಮಾನ್ಯವಾಗಿ ಎಳೆಯುವ ಗೆರೆ. ೧೩೦ ಇರುವವರು ಬರಿಯ ಕೈ ಜೋಲುಬಿಟ್ಟ ಕಾರಣದಿಂದ ಆ ಗೆರೆಯನ್ನು ದಾಟಿ ರೋಗಿಗಳ ಸಾಲಿಗೆ ಸೇರಬಹುದು. ಇಲ್ಲದ ಒತ್ತಡಕ್ಕೆ ಮಾತ್ರೆ ನುಂಗಿ, ಎದ್ದು ನಿಂತೊಡನೆ ತಲೆ ತಿರುಗಿ ಬೀಳುವ ವೃದ್ಧರ ಪಾಡು ಯಾರಿಗೂ ಬೇಡ. ಹಾಗೆಯೇ ದಿಂಬಿನ ಮೇಲೆ ತೋಳನ್ನು ಅತಿಯಾಗಿ ಎತ್ತರಿಸಿದರೆ ಇರುವ ರೋಗವೂ ಮರೆಯಾಗುತ್ತದೆ. ಮಣಿಕಟ್ಟಿಗೆ ಕಟ್ಟುವ ಯಂತ್ರಗಳಲ್ಲಿ ಈ ದೋಷ ಇನ್ನೂ ಹೆಚ್ಚು. ತೋಳಿಗೆ ಕಟ್ಟುವುದನ್ನು ಕೊಳ್ಳುವುದೇ ಲೇಸು.

ಆದುದರಿಂದ ರಕ್ತದೊತ್ತಡದ ಯಂತ್ರಕ್ಕೆ ಮನೆಯಲ್ಲಿ ತಕ್ಕ ಜಾಗವೆಂದರೆ ಊಟದ ಮೇಜು. ಬೆನ್ನಿಗೆ ಆಸರೆಯಿರುವ ಕುರ್ಚಿ, ನೆಲವನ್ನು ಮುಟ್ಟಿದ ಎರಡು ಪಾದಗಳು, ಮೇಜಿನ ಮೇಲೆ ನೀಡಿದ ತೋಳು. ಸೋಫಾದಲ್ಲಿ ಒರಗಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು, ಟೆಲಿವಿಷನ್ನಿನ ಧಾರಾವಾಹಿಯಲ್ಲಿ ಸೊಸೆಗೆ ಅನ್ಯಾಯವಾಗುತ್ತಿರುವಾಗ ಅಳೆದ ಒತ್ತಡವನ್ನು ಡಾಕ್ಟರಿಗೆ ಹೇಳಿ ಪ್ರಯೋಜನವಿಲ್ಲ. ಕಾಫಿ, ಬೀಡಿ ಸಿಗರೇಟು, ವಾಯುವಿಹಾರ ಇವುಗಳಾದ ಮೇಲೆ ಅರ್ಧ ಗಂಟೆ ಕಳೆಯಬೇಕು. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಪಟ್ಟಿಯನ್ನು ಬರಿತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳಿನಷ್ಟು ಮೇಲೆ ಕಟ್ಟಬೇಕು. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುತ್ತಿಟ್ಟರೆ ಅದೇ ಇನ್ನೊಂದು ಪಟ್ಟಿಯಾಗುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ದರ್ಜಿಯ ಟೇಪಿನಿಂದ ತೋಳಿನ ಸುತ್ತಳತೆಯನ್ನು ನೋಡಿ, ಪಟ್ಟಿಯ ಮೇಲೆ ಬರೆದಿರುವ ಅಳತೆಗೆ ಅದು ಹೊಂದುವುದೇ ಎಂದು ತಾಳೆ ಹಾಕುವುದು ಎರಡು ನಿಮಿಷದ ಕೆಲಸ. ಡಯಾಲಿಸಿಸ್‌ಗಾಗಿ ಶಸ್ತ್ರಕ್ರಿಯೆ ಆಗಿರುವ ಕೈಗೆ ಎಂದಿಗೂ ಪಟ್ಟಿ ಕಟ್ಟಕೂಡದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆದಿಡಬೇಕು. ಕಡಿಮೆ ಬಂದುದನ್ನು ಮಾತ್ರ ಬರೆದಿಡುವ ಜಾಣ್ಮೆ ಕೆಲವರಲ್ಲಿದೆ. ಅದರಿಂದ ಮೋಸ ಹೋಗುವವರು ಅವರೇ. ೧೮೦/೧೨೦ಕ್ಕಿಂತ ಮೇಲೆ ಬಂದರೆ ಐದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಹಾಗೆಯೇ ಇದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಜೊತೆಗೆ ಎದೆನೋವು, ಉಬ್ಬಸ, ಕೈಕಾಲು ಸೋಲುವಿಕೆ, ಮಾತು ತೊದಲುವಿಕೆ ಯಾವುದು ಕಂಡರೂ ಮತ್ತೆ ಅಳೆಯುತ್ತ ಕೂಡದೆ ಆಸ್ಪತ್ರೆಗೆ ಹೊರಡಬೇಕು. ವರ್ಷಕ್ಕೊಮ್ಮೆ ಯಂತ್ರವನ್ನು ಡಾಕ್ಟರ ಬಳಿಗೇ ಒಯ್ದು ಅವರ ಅಳತೆಯೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಕೆಲಸವಾದ ಮೇಲೆ ರಬ್ಬರು ನಳಿಗೆಯನ್ನು ಯಂತ್ರಕ್ಕೆ ಬಿಗಿಯಾಗಿ ಸುತ್ತಿಡಬೇಡಿ. ಮಡಿಕೆಯಲ್ಲಿ ಬಿರುಕು ಬಿಟ್ಟು ಗಾಳಿ ಸೋರುತ್ತದೆ.

ಜ್ವರ ನೋಡುವ ಸಾಧನದ ವಿಷಯ ಇಷ್ಟು ದೊಡ್ಡದಲ್ಲ. ಬಾಯಲ್ಲಿಡುವ ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಹಿಂಭಾಗದಲ್ಲಿಟ್ಟು ತುಟಿ ಮುಚ್ಚಿರಬೇಕು. ಬಿಸಿ ಕಾಫಿಯನ್ನೋ ತಣ್ಣೀರನ್ನೋ ಕುಡಿದಿದ್ದರೆ ಕಾಲು ಗಂಟೆ ಕಾಯಬೇಕು. ಹಣೆಗೆ ಹಿಡಿಯುವ ಯಂತ್ರವು ಚರ್ಮದಿಂದ ಹೊಮ್ಮುವ ಶಾಖಕಿರಣವನ್ನು ನೋಡುತ್ತದೆ. ಬಿಸಿಲಿನಿಂದ ಬಂದವರ ಹಣೆಯೂ, ಬೆವರಿದ ಹಣೆಯೂ ಅದನ್ನು ಮೋಸಗೊಳಿಸುತ್ತವೆ. ಕೋವಿಡ್ ಕಾಲದಲ್ಲಿ ಅಂಗಡಿಗಳ ಬಾಗಿಲಲ್ಲಿ ಅದನ್ನು ಮಣಿಕಟ್ಟಿಗೆ ಹಿಡಿದು ಒಳಗೆ ಬಿಡುತ್ತಿದ್ದುದು ಬಹುಪಾಲು ಶಾಸ್ತ್ರಕ್ಕೆ ಮಾಡಿದ ಕೆಲಸವಾಗಿತ್ತು. ಪಾದರಸದ ಹಳೆಯ ಥರ್ಮಾಮೀಟರು ಇನ್ನೂ ಮನೆಯಲ್ಲಿದ್ದು ಒಡೆದುಹೋದರೆ ಪೊರಕೆಯಿಂದ ಗುಡಿಸಕೂಡದು, ಗುಡಿಸಿದರೆ ಹನಿಗಳು ಮತ್ತಷ್ಟು ಸಣ್ಣದಾಗಿ ಸಿಡಿಯುತ್ತವೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಕೈಯ ಉಂಗುರ ಬಳೆಗಳನ್ನು ತೆಗೆದಿಟ್ಟು (ಪಾದರಸ ಚಿನ್ನಕ್ಕೆ ಅಂಟಿ ಬೆಳ್ಳಗಾಗಿಸುತ್ತದೆ), ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ, ಬಿಗಿಮುಚ್ಚಳದ ಸೀಸೆಗೆ ಹಾಕಬೇಕು. ಜಪಾನಿನ ಮಿನಮಾಟದ ದುರಂತದ ಹೆಸರು ಹೊತ್ತ ಅಂತರರಾಷ್ಟ್ರೀಯ ಒಪ್ಪಂದವು ೨೦೧೩ರಲ್ಲಿ ಆಗಿ, ಭಾರತವು ಅದನ್ನು ೨೦೧೮ರಲ್ಲಿ ಅನುಮೋದಿಸಿರುವುದು ಈ ಲೋಹದ ವಿಷಗುಣದಿಂದಲೇ.

ಗ್ಲೂಕೋಮೀಟರಿನಲ್ಲಿ ಕಾಪಾಡಬೇಕಾದುದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಪಟ್ಟಿಗಳನ್ನು. ೧೯೬೨ರಲ್ಲಿ ಲೆಲಾಂಡ್ ಕ್ಲಾರ್ಕ್ ಸೂಚಿಸಿದ ಮಾರ್ಗದಲ್ಲಿ ಬೆಳೆದ ಈ ವಿದ್ಯೆಯಲ್ಲಿ ಪಟ್ಟಿಯ ತುದಿಗೆ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ರಕ್ತದ ಸಕ್ಕರೆಯೊಡನೆ ಅದು ಕೂಡಿದಾಗ ಹುಟ್ಟುವ ವಿದ್ಯುತ್ತನ್ನು ಯಂತ್ರ ಅಳೆಯುತ್ತದೆ. ಕಿಣ್ವಕ್ಕೆ ತೇವವೂ ಬಿಸಿಯೂ ಆಗದು. ಪಟ್ಟಿಗಳನ್ನು ಅವು ಬಂದ ಸೀಸೆಯಲ್ಲಿಯೇ ಇಟ್ಟು, ಒಂದನ್ನು ತೆಗೆದೊಡನೆ ಮುಚ್ಚಳ ಹಾಕಬೇಕು. ಕೆಡದಿರಲೆಂದು ಫ್ರಿಜ್ಜಿನಲ್ಲಿಡುವವರಿದ್ದಾರೆ, ಹೊರಗೆ ತೆಗೆದಾಗ ಕೂಡುವ ತೇವದಿಂದಲೇ ಅವು ಕೆಡುತ್ತವೆ. ಒಲೆಯ ಪಕ್ಕದ ಗೂಡು, ಬಿಸಿಲಲ್ಲಿ ನಿಲ್ಲಿಸಿದ ಕಾರು ಇವೂ ಬೇಡ. ಮಾವಿನಹಣ್ಣು ಹೆಚ್ಚಿದ ಬೆರಳಿನಿಂದ ರಕ್ತ ತೆಗೆದರೆ ಯಂತ್ರವು ಹಣ್ಣಿನ ಸಕ್ಕರೆಯನ್ನೂ ರಕ್ತದ ಸಕ್ಕರೆಯೆಂದೇ ಎಣಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡವರಿಗೆ ಸಕ್ಕರೆ ತೀರ ಇಳಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಸೋಪು ಹಚ್ಚಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಚುಚ್ಚಿಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ನೂರಕ್ಕೆ ಹದಿನೈದರಷ್ಟು ಆಚೀಚೆಯಾಗುವುದನ್ನು ಅಂತರರಾಷ್ಟ್ರೀಯ ಪ್ರಮಾಣವೇ ಒಪ್ಪಿಕೊಂಡಿದೆ. ೧೪೦ ಇದ್ದದ್ದು ೧೫೦ ಆಯಿತೆಂದು ಮನೆಯಲ್ಲಿ ಗಲಾಟೆಯೆಬ್ಬಿಸುವುದು ವ್ಯರ್ಥ.

ಜಪಾನಿನ ತಕುವೊ ಅಯೋಯಾಗಿ ೧೯೭೪ರಲ್ಲಿ ರೂಪಿಸಿದ ತತ್ತ್ವದ ಆಕ್ಸಿಮೀಟರಿನ ಬಗೆಗೆ ಹೇಳಬೇಕಾದುದು ಸ್ವಲ್ಪ. ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣವಿರಬಾರದು, ಮೇಲೆ ಬಿಸಿಲು ಬೀಳಬಾರದು, ಅಂಕಿ ನಿಲ್ಲುವವರೆಗೆ ಕೈ ಅಲುಗಿಸಬಾರದು. ಕಪ್ಪು ಮೈಬಣ್ಣದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದುಂಟೆಂದು ೨೦೨೦ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕದಿಂದ ಹೊರಬಿದ್ದಿತು. ಉಸಿರಾಟ ಕಷ್ಟವಾಗಿರುವವರನ್ನು ಅಂಕಿ ಚೆನ್ನಾಗಿದೆಯೆಂದು ಮನೆಯಲ್ಲಿಯೇ ಕೂಡಿಸಿಕೊಂಡಿರುವುದು ಸರಿಯಲ್ಲ.

ಈ ಯಂತ್ರಗಳಿಗೆಲ್ಲ ಜೀವ ಬ್ಯಾಟರಿ. ತಿಂಗಳುಗಟ್ಟಲೆ ಬಳಸದಿರುವಾಗ ಸೆಲ್ಲುಗಳನ್ನು ತೆಗೆದಿಡದಿದ್ದರೆ ಅವು ಒಸರಿ ಒಳಗಿನ ತಗಡುಗಳನ್ನು ತಿಂದುಹಾಕುತ್ತವೆ. ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕುವುದೂ ಸಲ್ಲದು. ಸೆಲ್ಲು ಇಳಿದ ಗುರುತು ತೋರಿದ ಮೇಲೂ ಅಳೆಯುತ್ತ ಹೋಗುವುದು ಜಿಪುಣತನವೇ ಹೊರತು ಮಿತವ್ಯಯವಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಗುಂಡಿಯಾಕಾರದ ಸೆಲ್ಲು. ಅಡಿಗೆಮನೆಯ ತೂಕದ ಯಂತ್ರದಲ್ಲಿ, ಥರ್ಮಾಮೀಟರಿನಲ್ಲಿ, ಹಲವು ಗ್ಲೂಕೋಮೀಟರುಗಳಲ್ಲಿ ಇರುವುದು ಅದೇ. ನಾಣ್ಯದಂತೆ ಹೊಳೆಯುವ ಅದು ಅಂಬೆಗಾಲಿಡುವ ಮಗುವಿನ ಕೈಗೆ ಸಿಕ್ಕಿದರೆ ನೇರವಾಗಿ ಬಾಯಿಗೆ ಹೋಗುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆಯ ಸಂಪರ್ಕದಿಂದ ಅದರಲ್ಲಿ ವಿದ್ಯುತ್ತು ಹರಿಯತೊಡಗಿ, ಸುತ್ತಲೂ ತೀಕ್ಷ್ಣವಾದ ಕ್ಷಾರ ಹುಟ್ಟಿ, ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಲ್ಲುದು. ಯಂತ್ರದಲ್ಲಿ ಕೆಲಸಕ್ಕೆ ಬಾರದೆಂದು ತೆಗೆದೆಸೆದ ಹಳೆಯ ಸೆಲ್ಲಿನಲ್ಲಿಯೂ ಇಷ್ಟು ಕೇಡು ಮಾಡುವ ಶಕ್ತಿ ಉಳಿದಿರುತ್ತದೆ. ಮಗು ಮೊದಮೊದಲು ಅಳದೆಯೂ ಇರಬಹುದು. ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮು ಇಷ್ಟೇ ಕಾಣಬಹುದು. ನುಂಗಿರಬಹುದೆಂಬ ಅನುಮಾನ ಬಂದರೆ ಸಾಕು, ವಾಂತಿ ಮಾಡಿಸಲು ಹೋಗದೆ, ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸುವ ಮನೆಮದ್ದಿಗೂ ಕೈಹಾಕದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ಯಬೇಕು. ಅದೇ ಬಗೆಯ ಇನ್ನೊಂದು ಸೆಲ್ಲು ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಬೇಕು. ಕೊಳ್ಳುವಾಗಲೇ ಸೆಲ್ಲಿನ ಮುಚ್ಚಳಕ್ಕೆ ತಿರುಪುಮೊಳೆ ಇರುವ ಯಂತ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಹಳೆಯ ಸೆಲ್ಲುಗಳ ಎರಡು ಮುಖಕ್ಕೂ ಅಂಟುಪಟ್ಟಿ ಸುತ್ತಿ, ಮಕ್ಕಳ ಕೈಗೆಟುಕದ ಡಬ್ಬಿಯೊಂದರಲ್ಲಿ ಹಾಕಿಟ್ಟು, ಎಲೆಕ್ಟ್ರಾನಿಕ್ ಕಸ ಕೊಳ್ಳುವವರಿಗೇ ಒಪ್ಪಿಸತಕ್ಕದ್ದು.